ಎರಡನೇ ಗೇರ್ ಹಾಕಿ, ಆಮೇಲೆ ಇಳಿಯಿರಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಗೇರ್ ಇಳಿಸಿ ಗಾಡಿ ನಿಧಾನ ಮಾಡುವುದು ಹಳೇ ಲಾರಿಯವರ ಚಾಳಿ, ಈಗಿನ ಕಾರುಗಳ ಬ್ರೇಕ್ ಚೆನ್ನಾಗಿದೆ, ಬ್ರೇಕಿನ ಪ್ಯಾಡ್ ಅಗ್ಗ, ಕ್ಲಚ್ಚು ಗೇರ್‌ಬಾಕ್ಸು ದುಬಾರಿ, ಹಾಗಾಗಿ ಸುಮ್ನೆ ಬ್ರೇಕ್ ಒತ್ತಿದರೆ ಸಾಕು ಅಂತ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಅರ್ಧ ಬೆಂಗಳೂರಿನ ರಿಂಗ್ ರೋಡಿಗೆ ಸರಿ. ಉಳಿದ ಅರ್ಧ ಭಾನುವಾರ ಸಂಜೆ ನನ್ನ ಗ್ಯಾರೇಜಿಗೆ ಹೊಗೆಯಾಡುತ್ತಾ ಬರುತ್ತದೆ.

ನನ್ನ ಗ್ಯಾರೇಜ್ ಇರುವುದು ಸೋಮೇಶ್ವರದ ಹತ್ತಿರ, ಆಗುಂಬೆ ಘಾಟಿಯ ಬುಡದಲ್ಲಿ. ಮೇಲೆ ತೀರ್ಥಹಳ್ಳಿ ತಾಲ್ಲೂಕು, ಕೆಳಗೆ ನಾವು ಹೆಬ್ರಿಯವರು, ನಡುವೆ 14 ಹೇರ್‌ಪಿನ್ ತಿರುವು. ಸೂರ್ಯಾಸ್ತ ನೋಡಲು ಮೇಲೆ ನಿಂತವರೆಲ್ಲ ಕತ್ತಲಾಗುತ್ತಿದ್ದಂತೆ ಒಟ್ಟಿಗೆ ಇಳಿಯುತ್ತಾರೆ. ಏಳು ಗಂಟೆ ಹೊತ್ತಿಗೆ ನನ್ನ ಅಂಗಳಕ್ಕೆ ಒಂದಾದರೂ ಗಾಡಿ ಬರುತ್ತದೆ. ಗಾಡಿಗಿಂತ ಮೊದಲು ವಾಸನೆ ಬರುತ್ತದೆ. ಬ್ರೇಕ್ ಲೈನರ್, ಅಂದರೆ ಚಕ್ರದ ಡ್ರಮ್ಮಿಗೆ ಒತ್ತುವ ಪಟ್ಟಿ, ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಊಟ ಮಾಡುವಾಗಲೂ ಹೋಗುವುದಿಲ್ಲ.

ಈ ಜನವರಿಯಲ್ಲಿ ಬಂದ ಒಂದು ಕಾರಿನ ಕತೆ ಹೇಳುತ್ತೇನೆ. ಸಣ್ಣ ಬಿಳಿ ಕಾರು. ಒಳಗೆ ಐದು ಜನ, ಮೇಲೆ ಕ್ಯಾರಿಯರ್ ತುಂಬ ಬ್ಯಾಗು. ಮುಂದಿನ ಎರಡೂ ಚಕ್ರದಿಂದ ಹೊಗೆ. ಇಳಿದವರಲ್ಲಿ ಒಬ್ಬ ಹುಡುಗ ಕುಡಿಯುವ ನೀರಿನ ಬಾಟಲಿ ತೆಗೆದವನೇ ಚಕ್ರದ ಮೇಲೆ ಸುರಿದುಬಿಟ್ಟ. ಚುಂಯ್ ಅಂತ ಸದ್ದು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. "ಹಾಕ್ಬೇಡಿ ಮಾರಾಯ್ರೇ!" ಅಂತ ನಾನು ಸ್ಪ್ಯಾನರ್ ಹಿಡಿದುಕೊಂಡೇ ಓಡಿದೆ. ಚಕ್ರದೊಳಗೆ ಬ್ರೇಕ್ ಪ್ಯಾಡ್ ಕಚ್ಚಿ ಹಿಡಿಯುವ ಬಿಲ್ಲೆಗೆ ಡಿಸ್ಕ್ ಅನ್ನುತ್ತಾರೆ. ಅಷ್ಟು ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ.

ಡ್ರೈವ್ ಮಾಡುತ್ತಿದ್ದವನಿಗೆ ಇಪ್ಪತ್ತೈದು ಇರಬಹುದು. ಯಾವ ಗೇರಿನಲ್ಲಿ ಬಂದಿರಿ ಅಂತ ಕೇಳಿದೆ.

"ನಾಲ್ಕು ಅನ್ಸುತ್ತೆ ಅಂಕಲ್. ಇಳಿಜಾರು ಅಲ್ವಾ, ಜಾಸ್ತಿ ನ್ಯೂಟ್ರಲ್‌ನಲ್ಲೇ ಬಂದೆ. ಪೆಟ್ರೋಲ್ ಉಳಿಯುತ್ತೆ ಅಂತ."

ಪೆಡಲ್ ಒತ್ತಿ ನೋಡಿ ಅಂದೆ. ಒತ್ತಿದ. ಕಾಲು ಹಾಗೇ ಒಳಗೆ ಹೋಯಿತು, ಮ್ಯಾಟ್‌ಗೆ ತಾಗುವ ತನಕ. ಹುಡುಗನ ಮುಖ ಬಿಳಿಚಿಕೊಂಡಿತು. ಹಿಂದೆ ಕೂತಿದ್ದ ಅವನ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ಇಲ್ಲಿ ಕಾಫಿ ಸಿಗುತ್ತದಾ ಅಂತ ಕೇಳಿದರು. ಮುಕ್ಕಾಲು ಗಂಟೆ ಹಾಗೇ ಬಿಟ್ಟ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಚಕ್ರ ಬಿಚ್ಚಿದೆ. ಡಿಸ್ಕ್ ನವಿಲಿನ ಕತ್ತಿನ ಹಾಗೆ ನೀಲಿ ತಿರುಗಿತ್ತು. ಪ್ಯಾಡ್ ಮುಟ್ಟಿದರೆ ಗಾಜಿನಷ್ಟು ನುಣುಪು. ಬ್ರೇಕ್ ಆಯಿಲ್ ಡಬ್ಬಿ ತೆರೆದರೆ ಕಾಫಿ ಡಿಕಾಕ್ಷನ್ ಬಣ್ಣ. ಕಾರು ಕೊಂಡು ಐದು ವರ್ಷವಾಗಿತ್ತು, ಆಯಿಲ್ ಒಮ್ಮೆಯೂ ಬದಲಿಸಿರಲಿಲ್ಲ.

ಇಲ್ಲಿ ನಡೆದದ್ದೇನು ಅಂತ ಬಿಡಿಸಿ ಹೇಳಬೇಕು. ಬ್ರೇಕ್ ಅಂದರೆ ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸುವ ಸಾಧನ, ಅಷ್ಟೇ. ನನ್ನ ಮಗಳು ಪಿಯುಸಿ ಓದುವಾಗ ಒಂದು ಲೆಕ್ಕ ಹಾಕಿ ಕೊಟ್ಟಿದ್ದಳು. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೆಚ್ಚುಕಡಿಮೆ 73 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಜೂಲ್ ಅಂದರೆ ನನಗೆ ತಲೆಬುಡ ಅರ್ಥವಾಗಲಿಲ್ಲ. ಆಗ ಅವಳು ಬೇರೆ ಥರ ಹೇಳಿದಳು: "ಅಪ್ಪಾ, ಅಷ್ಟು ಬಿಸಿಯಲ್ಲಿ ಬಚ್ಚಲು ಹಂಡೆಯ 23 ಲೀಟರ್ ತಣ್ಣೀರು ಕೊತಕೊತ ಕುದಿಯುತ್ತೆ." ಅದರಲ್ಲಿ ಸ್ವಲ್ಪ ಗಾಳಿಗೆ, ಟೈರಿಗೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಬಂದರೆ ಉಳಿದಿದ್ದೆಲ್ಲ ಊಟದ ತಟ್ಟೆಯಷ್ಟಗಲದ ಎರಡು ಡಿಸ್ಕು, ಹಿಂದಿನ ಎರಡು ಡ್ರಮ್ಮು ನುಂಗಬೇಕು. ಅದರಲ್ಲೂ ಜಾಸ್ತಿ ಪಾಲು ಮುಂದಿನದಕ್ಕೆ. ಒಂದು ಹಂಡೆ ಕುದಿಯುವ ಬಿಸಿ ಅಂದರೆ ತಮಾಷೆಯಲ್ಲ.

ಪ್ಯಾಡಿನ ಹಿಡಿತ ಒಂದು ಮಟ್ಟದ ಬಿಸಿಯ ತನಕ ಮಾತ್ರ. ಅದು ದಾಟಿದರೆ ಎಷ್ಟು ಒತ್ತಿದರೂ ಜಾರುತ್ತದೆ. ಇನ್ನೊಂದು ತೊಂದರೆ ಆಯಿಲಿನದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆ ಹೀರಿಕೊಳ್ಳುತ್ತದೆ, ನಮ್ಮ ಕಡೆ ಮಳೆಗಾಲದ ಉಪ್ಪು ಹೀರುವ ಹಾಗೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಹೀರಿದ ಮೇಲೆ 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಕಾಲಲ್ಲಿ ಒತ್ತುವುದು ಆ ಗುಳ್ಳೆಯನ್ನು. ಚಕ್ರಕ್ಕೆ ಏನೂ ತಲುಪುವುದಿಲ್ಲ. ಆ ಹುಡುಗನ ಕಾಲು ಮ್ಯಾಟ್‌ಗೆ ತಾಗಿದ್ದು ಹಾಗೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಹೇಳಿದರೆ ಗಿರಾಕಿಗಳು ನನ್ನನ್ನು ಸಂಶಯದಿಂದ ನೋಡುತ್ತಾರೆ, ಅದು ಬೇರೆ ಮಾತು.

ಈಗ ಗೇರಿನ ವಿಷಯ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಇಂಜಿನ್ನಿಗೆ ಗಾಳಿ ಹೋಗುವ ಬಾಯಿ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ಮಾತ್ರ ಗಾಳಿ ಎಳೆಯಲು ಹೆಣಗುತ್ತಲೇ ಇರುತ್ತದೆ. ಖಾಲಿ ಸಿರಿಂಜಿನ ಬಾಯಿಗೆ ಬೆರಳಿಟ್ಟು ಹಿಂದಕ್ಕೆ ಎಳೆದು ನೋಡಿ, ಎಷ್ಟು ಬಿಗಿ ಅಂತ ಗೊತ್ತಾಗುತ್ತದೆ. ಗಾಡಿ ಗೇರಿನಲ್ಲಿದ್ದರೆ ಆ ಬಿಗಿಯೇ ಚಕ್ರವನ್ನು ಹಿಡಿಯುತ್ತದೆ. ಗೇರ್ ಕೆಳಗಿದ್ದಷ್ಟೂ ಹಿಡಿತ ಜಾಸ್ತಿ. ಸಾಮಾನ್ಯ ಸಣ್ಣ ಕಾರಿನಲ್ಲಿ ಅದೇ ವೇಗಕ್ಕೆ ಐದನೇ ಗೇರಿಗಿಂತ ಎರಡನೇ ಗೇರಿನಲ್ಲಿ ಇಂಜಿನ್ ಹತ್ತಿರ ಹತ್ತಿರ ಎರಡೂವರೆ ಪಟ್ಟು ತಿರುಗುತ್ತದೆ. ಹುಟ್ಟಿದ ಬಿಸಿ ಸೈಲೆನ್ಸರ್, ರೇಡಿಯೇಟರ್ ದಾರಿಯಲ್ಲಿ ಹೋಗುತ್ತದೆ. ಬಿಸಿ ಹೊರಹಾಕುವುದೇ ರೇಡಿಯೇಟರಿನ ಕೆಲಸ. ಡೀಸೆಲ್ ಇಂಜಿನ್ನಿಗೆ ಈ ಹಿಡಿತ ಸ್ವಲ್ಪ ಕಮ್ಮಿ. ಅದಕ್ಕೇ ದೊಡ್ಡ ಗಾಡಿಗಳಿಗೆ ಎಕ್ಸಾಸ್ಟ್ ಬ್ರೇಕ್ ಅಂತ ಹೊಗೆ ಹೋಗುವ ದಾರಿಗೇ ಒಂದು ಮುಚ್ಚಳ ಇಟ್ಟಿರುತ್ತಾರೆ. ನಮ್ಮ ಘಾಟಿಯಲ್ಲಿ ಓಡುವ ಮಿನಿ ಬಸ್ಸಿನಲ್ಲಿ ಒಮ್ಮೆ ಡ್ರೈವರ್ ಪಕ್ಕ ಕೂತು ಬನ್ನಿ. ಇಂಜಿನ್ ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ. ಡ್ರೈವರ್ ಕಾಲು ಬ್ರೇಕಿಗೆ ಹೋಗುವುದು ತಿರುವು ಬಂದಾಗ ಮಾತ್ರ.

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನುವ ಮಾತು ಕಾರ್ಬುರೇಟರ್ ಕಾಲದ್ದು. ಆ ಕಾಲ ಮುಗಿದು 20 ವರ್ಷದ ಮೇಲಾಯಿತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಬಿಡುವುದೇ ನಿಂತುಹೋಗುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಇಂಜಿನ್ ಆರಿಹೋಗದಂತೆ ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಅಂದರೆ ಉಳಿಸಲು ಹೋಗಿ ಖರ್ಚು. ಕೀ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಅವರಿಗೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕಿನ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೀರಿಂಗೂ ಇಲ್ಲ. ಕೀ ಹೊರಗೆ ತೆಗೆದರೆ ಸ್ಟೀರಿಂಗ್ ಲಾಕ್.

ಇಷ್ಟು ಹೇಳುವ ನಾನು ಹುಟ್ಟುತ್ತಲೇ ಬುದ್ಧಿವಂತನಲ್ಲ. 1989ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ವ್ಯಾಪಾರಿಯ ಅಂಬಾಸಿಡರ್ ಓಡಿಸುತ್ತಿದ್ದೆ. ನನಗೆ ಆಗ 22. ಡೀಸೆಲ್ ಗಾಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ. ಮಂಗಳೂರಿಗೆ ಹೊರಟಿದ್ದೆವು. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ. ಆಗುಂಬೆ ದಾಟಿದ್ದೇ ತಡ ಪಕ್ಕದಲ್ಲಿ ಕೂತ ಧಣಿ ಅಂದರು: "ನ್ಯೂಟ್ರಲ್‌ಗೆ ಹಾಕೋ. ಇಳಿಯೋದಕ್ಕೆ ಯಾಕೆ ಡೀಸೆಲ್ ಸುಡ್ತೀಯ?" ಹಾಕಿದೆ. ಮೇಲಿನಿಂದ ಎಣಿಸಿದರೆ ಆರನೇ ತಿರುವಿನಲ್ಲಿ ವಾಸನೆ ಬಂತು. ಎಂಟನೆಯದರಲ್ಲಿ ಪೆಡಲ್ ಅರ್ಧಕ್ಕಿಂತ ಕೆಳಗೆ. ಡ್ರಮ್ಮಿನ ಗುಣ ಅದು, ಕಾದಷ್ಟೂ ಹಿಗ್ಗುತ್ತದೆ, ಲೈನರ್ ಅದನ್ನು ಮುಟ್ಟಲು ಇನ್ನೂ ದೂರ ಹೋಗಬೇಕು. ಪೆಡಲ್ ಪಂಪ್ ಮಾಡಿದೆ. ಗಾಬರಿಯಲ್ಲಿ ಎರಡನೇ ಗೇರಿಗೆ ಹಾಕಲು ಹೋದೆ. ಕರ್ರ್ ಅಂತ ಹಲ್ಲು ಮುರಿದ ಹಾಗೆ ಸದ್ದು, ಗೇರ್ ಬೀಳಲೇ ಇಲ್ಲ. ವೇಗ ಆಗಲೇ ಮೀರಿತ್ತು.

ಬೇಕಾದಾಗ ಬೀಳದ ಆ ಗೇರನ್ನು ನಾನು ಇವತ್ತಿಗೂ ಮರೆತಿಲ್ಲ. ಎಡಗಡೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇತ್ತು, ಬಲಗಡೆ ಕಣಿವೆ. ಒಂದು ತಿರುವು ಮೊದಲು ಆಗಿದ್ದರೆ ಎರಡೂ ಅದಲುಬದಲು. ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಗಾಡಿಯನ್ನು ಧರೆಗೆ ಒರಗಿಸಿದೆ. ಎಡಗಡೆ ಮಡ್‌ಗಾರ್ಡ್ ಹೋಯಿತು, ಒಂದು ಹೆಡ್‌ಲೈಟ್ ಹೋಯಿತು, ಬಾಗಿಲಿನ ಉದ್ದಕ್ಕೂ ಧರೆಯ ಕೆಮ್ಮಣ್ಣು ಮೆತ್ತಿಕೊಂಡಿತು. ಗಾಡಿ ನಿಂತಾಗ ಧಣಿಯ ಮಡಿಲ ತುಂಬ ಬುತ್ತಿಯ ಅವಲಕ್ಕಿ. ಹೆಬ್ರಿ ಬರುವ ತನಕ ಅವರು ಒಂದು ಮಾತು ಆಡಲಿಲ್ಲ. ಹೆಬ್ರಿಯಲ್ಲಿ ಚಾ ಕುಡಿದು ಲೋಟ ಇಟ್ಟವರು, "ಇನ್ಮೇಲೆ ಗೇರಲ್ಲೇ ಇಳ್ಸು" ಅಂದರು. ಮಡ್‌ಗಾರ್ಡಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿಯಲಿಲ್ಲ, ಅದನ್ನೂ ಹೇಳಬೇಕು.

ಹಾಗಾದರೆ ಯಾವಾಗಲೂ ಗೇರಿನಲ್ಲೇ ನಿಧಾನ ಮಾಡಬೇಕಾ? ಇಲ್ಲ. ಪತ್ರ ಬರೆದವರ ಅರ್ಧ ಸರಿ ಅಂದೆನಲ್ಲ, ಅದು ಇದು. ಸಮತಟ್ಟು ರಸ್ತೆಯಲ್ಲಿ, ಸಿಗ್ನಲ್ ಕಂಡಾಗ, ಹಂಪ್ ಬಂದಾಗ ಬ್ರೇಕೇ ಸರಿ. ಅಲ್ಲಿ ಗೇರನ್ನು ಬ್ರೇಕ್ ಮಾಡಿಕೊಳ್ಳಬೇಡಿ. ನನ್ನ ತಂಗಿಯ ಮಗ ಒಬ್ಬ ಇದ್ದಾನೆ. ನಾಲ್ಕರಿಂದ ಸೀದಾ ಎರಡಕ್ಕೆ ಎಳೆದು ಇಂಜಿನ್ ಕಿರುಚಿಸಿ ನಿಲ್ಲಿಸುವುದೇ ಅವನಿಗೆ ಶೋಕಿ. ಕ್ಲಚ್ ಪ್ಲೇಟ್ ಬೇಗ ಮುಗಿಯಿತು. ಮುಂದಿನ ಪ್ಯಾಡ್ ಬದಲಿಸಲು ನನಗೆ ಒಂದು ಗಂಟೆ ಸಾಕು. ಕ್ಲಚ್ ಅಂದರೆ ಗೇರ್‌ಬಾಕ್ಸ್ ಕೆಳಗಿಳಿಸಬೇಕು, ಇಡೀ ದಿನದ ಕೆಲಸ. ನಾಲ್ಕನ್ನು ಎರಡಕ್ಕೆ ಹಾಕಲು ಹೋಗಿ ಕೈತಪ್ಪಿ ಇನ್ನೂ ಕೆಳಗಿನದಕ್ಕೆ ಬಿದ್ದರೆ ಇಂಜಿನ್ನೇ ಕೈಕೊಡಬಹುದು. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಗೇರಿನಲ್ಲಿ ನಿಧಾನ ಮಾಡಿದರೆ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಹಿಂದೆ ಅಂಟಿಕೊಂಡು ಬರುವವನಿಗೆ ನೀವು ನಿಧಾನವಾದದ್ದೇ ಗೊತ್ತಾಗುವುದಿಲ್ಲ. ಘಾಟಿಯಲ್ಲೂ ಹಿಂದೆ ಗಾಡಿ ಇದ್ದರೆ ಪೆಡಲನ್ನು ಒಮ್ಮೆ ಮೆಲ್ಲಗೆ ಮುಟ್ಟಿ ದೀಪ ತೋರಿಸಿ. ಅಡ್ಡ ಏನಾದರೂ ಬಂದರೆ ಗೇರು ಗೀರು ನೆನಪು ಮಾಡಿಕೊಳ್ಳಬೇಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ. ನಮ್ಮ ಘಾಟಿಯಲ್ಲಿ ಅಡ್ಡ ಬರುವುದು ಹೆಚ್ಚಾಗಿ ಮಂಗ. ಪ್ರವಾಸಿಗಳು ಬಾಳೆಹಣ್ಣು ಕೊಟ್ಟು ಕೊಟ್ಟು ಅವಕ್ಕೆ ಕಾರು ಕಂಡರೆ ತಿಂಡಿ ಗಾಡಿ ಬಂದ ಹಾಗೆ.

ಗೇರ್ ಬೇಕಾಗುವುದು ಉದ್ದದ ಇಳಿಜಾರಿಗೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿ, ನಂದಿ ಬೆಟ್ಟ. ಇಲ್ಲಿ ಗೇರಿನಲ್ಲಿ ಇಳಿದರೆ ಕ್ಲಚ್ ಸವೆಯುವುದಿಲ್ಲ. ಕಾಲು ಪೂರ್ತಿ ತೆಗೆದ ಮೇಲೆ ಕ್ಲಚ್ ಪ್ಲೇಟ್ ಜಾರುವುದೇ ಇಲ್ಲವಲ್ಲ, ಎಲ್ಲಿಂದ ಸವೆಯಬೇಕು? ಹಾಫ್ ಕ್ಲಚ್‌ನಲ್ಲಿ ಇಳಿಯುವವರ ಮಾತು ಬೇರೆ. ಮೇಲೆ ಒಮ್ಮೆ ಗೇರ್ ಇಳಿಸಿದ್ದಕ್ಕೆ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ.

ಹಳೇ ಲಾರಿಯವರು ಹತ್ತುವ ಗೇರಿನಲ್ಲೇ ಇಳಿ ಅನ್ನುತ್ತಿದ್ದರು. ಅವರ ಗಾಡಿಗೆ ಆ ಮಾತು ಸರಿ. ಈಗಿನ ಕಾರುಗಳಿಗೆ ಶಕ್ತಿ ಜಾಸ್ತಿ, ಆಗುಂಬೆಯನ್ನೂ ಎಷ್ಟೋ ಕಡೆ ಮೂರನೇ ಗೇರಿನಲ್ಲಿ ಹತ್ತಿಬಿಡುತ್ತವೆ. ಅದೇ ಮೂರರಲ್ಲಿ ಇಳಿದರೆ ಹಿಡಿತ ಸಾಲದು. ಹಾಗಾಗಿ ನಾನು ಒಂದು ಕಮ್ಮಿ ಮಾಡಿ ಹೇಳುತ್ತೇನೆ. ಘಾಟಿ ಶುರುವಾಗುವ ಮೊದಲೇ, ಸಮತಟ್ಟಿನಲ್ಲಿರುವಾಗಲೇ, ಬ್ರೇಕ್ ಒತ್ತಿ ನಿಧಾನ ಮಾಡಿ ಎರಡನೇ ಗೇರ್ ಹಾಕಿ. ಎರಡೂ ಪೆಡಲಿನಿಂದ ಕಾಲು ತೆಗೆಯಿರಿ. ಗಾಡಿ ತಾನಾಗಿ ವೇಗ ಏರಿಸಿಕೊಳ್ಳದಿದ್ದರೆ ಸರಿಯಾದ ಗೇರು. ಏರಿಸಿಕೊಂಡರೆ ಬ್ರೇಕ್ ಒತ್ತಿ ಇನ್ನೂ ನಿಧಾನ ಮಾಡಿ ಒಂದನೆಯದು. ತಿರುವು ಬರುವ ಮೊದಲು ಗಟ್ಟಿಯಾಗಿ ಒಮ್ಮೆ ಒತ್ತಿ, ಪೂರ್ತಿ ಬಿಡಿ. ಬಿಟ್ಟಷ್ಟು ಹೊತ್ತು ಡಿಸ್ಕಿಗೆ ಗಾಳಿ. ಪೆಡಲ್ ಮೇಲೆ ಕಾಲು ಮೆತ್ತಗೆ ಇಟ್ಟುಕೊಂಡೇ ಬರುವವರು ಜಾಗ್ರತೆಯವರ ಹಾಗೆ ಕಾಣುತ್ತಾರೆ. ನನ್ನ ಗಿರಾಕಿಗಳಲ್ಲಿ ಅರ್ಧ ಅವರೇ. ಮಳೆಯಲ್ಲಿ ಮಾತ್ರ ಗೇರ್ ಇಳಿಸುವಾಗ ಕ್ಲಚ್ ಮೆಲ್ಲಗೆ ಬಿಡಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಆಗುಂಬೆ. ಪಾಚಿ, ಕೊಳೆತ ಎಲೆ, ನೀರು ಸೇರಿದ ರಸ್ತೆಯಲ್ಲಿ ಕ್ಲಚ್ ಪಟ್ಟನೆ ಬಿಟ್ಟರೆ ಮುಂದಿನ ಚಕ್ರ ಜಾರಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ವಾಸನೆ ಬಂದರೆ ಜಾಗ ನೋಡಿ ಬದಿಗೆ ನಿಲ್ಲಿಸಿ. ಗೇರಿನಲ್ಲೇ ಇರಲಿ, ಚಕ್ರಕ್ಕೊಂದು ಕಲ್ಲು ಕೊಡಿ, ಅರ್ಧ ಗಂಟೆ ಮೇಲೆ ಕಾಯಿರಿ. ನೀರು ಹಾಕಬೇಡಿ.

ಆಟೋಮ್ಯಾಟಿಕ್ ಕಾರಿನವರು ನಮಗೆ ಗೇರೇ ಇಲ್ಲವಲ್ಲ ಅನ್ನುತ್ತಾರೆ. ಲಿವರಿನ ಪಕ್ಕ ಎಂ ಅಂತಲೋ ಎಲ್ ಅಂತಲೋ ಬರೆದಿರುತ್ತದೆ ನೋಡಿ. ಅದು ಇರುವುದೇ ಇದಕ್ಕೆ.

ಸಂಪಾದಕರೇ, ಈ ಪತ್ರ ಬರೆದ ಮುಖ್ಯ ಕಾರಣಕ್ಕೆ ಬರುತ್ತೇನೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ನೋಡುತ್ತಾರೆ, ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದೆ ಎತ್ತುವುದನ್ನು ನೋಡುತ್ತಾರೆ. ಇಳಿಯುವುದನ್ನು ಪರೀಕ್ಷೆ ಮಾಡಿದವರನ್ನು ನಾನು ಕಂಡಿಲ್ಲ. ಆ ಬಿಳಿ ಕಾರಿನ ಹುಡುಗ ಸಮತಟ್ಟಿನ ಊರಿನಲ್ಲಿ ಕಲಿತವನು. ಗೇರಿನಲ್ಲಿ ಇಳಿಯಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನದು ತಪ್ಪು ಅಂತ ನಾನು ಹೇಗೆ ಹೇಳಲಿ? ಘಾಟಿಗಳಲ್ಲಿ ನಾನು ಕಂಡ ಫಲಕಗಳಲ್ಲಿ ಹೆಚ್ಚಿನವು "ನಿಧಾನವಾಗಿ ಚಲಿಸಿ", "ಅಪಘಾತ ವಲಯ" ಅನ್ನುತ್ತವೆ. ನಿಧಾನವಾಗಿ ಸರಿ ಮಾರಾಯ್ರೇ, ಹೇಗೆ? ಆ ಹುಡುಗನೂ ನಿಧಾನವಾಗಿಯೇ ಬಂದಿದ್ದ, ಬ್ರೇಕ್ ಒತ್ತಿಕೊಂಡು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್. ಅಲ್ಲಿ ಯಾವ ಗೇರಿನಲ್ಲಿ ಇಳಿಯಬೇಕು ಅಂತ ಫಲಕದಲ್ಲೇ ಬರೆದಿದ್ದಾರೆ. ಹೊರಗಿನ ಗಾಡಿಗಳನ್ನು ಅಲ್ಲಿ ಇಳಿಯಲು ಬಿಡುವುದೂ ಇಲ್ಲ, ಹತ್ತಲು ಮಾತ್ರ. ಅಷ್ಟು ದೂರ ಹೋಗುವುದು ನಮಗೆ ಬೇಡ. ಘಾಟಿ ಶುರುವಾಗುವ ಕಡೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಗೇರಿನ ನಂಬರ್ ಹಾಕಿ ಒಂದು ಫಲಕ ಇಟ್ಟರೆ ಸಾಕು.

ನಾನೇ ಒಂದು ತಗಡಿನ ಮೇಲೆ "ಎರಡನೇ ಗೇರಿನಲ್ಲಿ ಇಳಿಯಿರಿ" ಅಂತ ಬರೆದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದೆ. ಪಕ್ಕದ ಗೂಡಂಗಡಿಯವರು ನೋಡಿ ನಕ್ಕರು. ಇಳಿದು ಮುಗಿಸಿದವರಿಗೆ ಇದನ್ನು ಹೇಳಿ ಏನು ಪ್ರಯೋಜನ ಭಟ್ರೇ ಅಂದರು. ಅವರ ಮಾತು ಸರಿಯೇ. ಅದು ಇರಬೇಕಾದ್ದು ಮೇಲೆ, ಆಗುಂಬೆಯಲ್ಲಿ. ಆದರೆ ಅಲ್ಲಿ ನನ್ನ ಜಾಗ ಇಲ್ಲ, ಹೆದ್ದಾರಿ ಬದಿಯಲ್ಲಿ ಕಂಡ ಕಂಡವರು ಫಲಕ ನೆಡುವ ಹಾಗೂ ಇಲ್ಲ. ಕಳೆದ ಮಳೆಗಾಲದಲ್ಲಿ ತಗಡಿನ ಬಣ್ಣವೂ ಹೋಯಿತು. ಸಂಬಂಧಪಟ್ಟವರು ಇದನ್ನು ಓದಿ ಒಪ್ಪಿದರೆ ಹೊಸದು ಬರೆದುಕೊಡುತ್ತೇನೆ. ತಗಡು, ಪೈಂಟ್ ಎರಡೂ ನನ್ನದೇ. ಕಂಬ ಮಾತ್ರ ಅವರು ನೆಡಲಿ.

ಇತಿ,
ಸೋಮೇಶ್ವರದ ಒಬ್ಬ ಗ್ಯಾರೇಜಿನವ
ಹೆಬ್ರಿ ತಾಲ್ಲೂಕು, ಉಡುಪಿ ಜಿಲ್ಲೆ